ಲೊಡಲೊಡ ಅನ್ನುವ ಹಳೇ ಪೈಪ್ ಪಾನಾ: ಹುಡುಕಿ, ಗುರುತಿಸಿ, ತುಕ್ಕು ಬಿಡಿಸುವ ಬಗೆ

ಬಳ್ಳಾರಿಯ ಗುಜರಿ ಅಂಗಡಿಯೊಂದರಲ್ಲಿ ತೂಕದ ಲೆಕ್ಕಕ್ಕೆ ಸಿಕ್ಕ ಹಳೇ ಪೈಪ್ ಪಾನಾ ನನ್ನ ಮೊದಲ ಸಂಗ್ರಹ. ಮೇಲಿನ ದವಡೆ ಅಲುಗಾಡುತ್ತಿತ್ತು. ವೆಲ್ಡಿಂಗ್ ಅಂಗಡಿಗೆ ಒಯ್ದೆ. "ಏನ್ರಿ ಸರ, ಲೊಡಲೊಡ ಅಂತೈತಿ, ಬಿಗಿ ಮಾಡಿ ಕೊಡ್ತೀನ್ರಿ" ಅಂದ ಹುಡುಗ ಎರಡು ಟಾಕಿ ಹಾಕಿಕೊಟ್ಟ. ಅಲ್ಲಿಗೆ ಪಾನಾ ಸತ್ತಿತು. ತಪ್ಪು ಅವನದಲ್ಲ. ಆ ಸಡಿಲವೇ ಅದರ ಜೀವ ಎಂದು ನನಗೂ ಗೊತ್ತಿರಲಿಲ್ಲ.

ಅಮೆರಿಕದ ವಾಲ್ವರ್ತ್ ಕಂಪನಿಯ ಮೆಕ್ಯಾನಿಕ್ ಡೇನಿಯಲ್ ಸ್ಟಿಲ್ಸನ್ ಇದಕ್ಕೆ ಪೇಟೆಂಟ್ ಪಡೆದದ್ದು 1869ರಲ್ಲಿ. ಮೊದಲು ಕಟ್ಟಿಗೆಯಲ್ಲಿ ಮಾದರಿ ಕೆತ್ತಿದ್ದನಂತೆ. ಕಬ್ಬಿಣದ್ದು ಸಿದ್ಧವಾದಾಗ "ಪೈಪ್ ಮುರಿಯಬೇಕು, ಇಲ್ಲಾ ಪಾನಾ ಮುರಿಯಬೇಕು, ಹಾಗೆ ತಿರುಗಿಸು" ಎಂದು ಕಂಪನಿಯವರು ಅವನಿಗೆ ಹೇಳಿದರಂತೆ, ಮುರಿದದ್ದು ಪೈಪು. ಒಳಗುಟ್ಟು ಇಷ್ಟೇ: ಹಿಡಿಯನ್ನು ಬಾಯಿ ತೆರೆದ ಕಡೆಗೆ ಎಳೆದಂತೆ ಮೇಲ್ದವಡೆ ವಾಲಿ, ಎರಡೂ ದವಡೆ ಹತ್ತಿರವಾಗಿ, ಹಲ್ಲು ಪೈಪಿಗೆ ಇಳಿಯುತ್ತವೆ. ಎಳೆದಷ್ಟೂ ಬಿಗಿ. ಹಿಂದಕ್ಕೆ ತಳ್ಳಿದರೆ ಬಿಡುತ್ತದೆ. ವಾಲಲು ಜಾಗವೇ ಇಲ್ಲದಿದ್ದರೆ ಕಚ್ಚುವುದೆಲ್ಲಿಂದ?

ಎಲ್ಲಿ ಹುಡುಕಬೇಕು?

ಗಂಗಾವತಿ, ಕಾರಟಗಿ ಕಡೆಯ ಹಳೇ ರೈಸ್‌ಮಿಲ್, ರಾಯಚೂರಿನ ಮುಚ್ಚಿದ ಜಿನ್ನಿಂಗ್ ಮಿಲ್, ಬೋರ್ ಪೈಪ್ ಎತ್ತುವ ಮೇಸ್ತ್ರಿಗಳ ಚೀಲ. ಗುಜರಿಯವರ ಬಳಿ ಬೆಳಿಗ್ಗೆಯೇ ಹೋಗಿ. ಈಗಲೂ ನಡೆಯುತ್ತಿರುವ ಕಾರ್ಖಾನೆಯ ಗುರುತಿದ್ದರೆ ಮುಟ್ಟಬೇಡಿ, ಕದ್ದ ಮಾಲಿರಬಹುದು. ಹಿಡಿ ಬಾಗಿದ್ದರೂ ಬಿಡಿ: ಉದ್ದನೆಯ ಪೈಪ್ ತೂರಿಸಿ ಜಗ್ಗಿದವರ ಕೆಲಸ ಅದು.

ಗುರುತು ಹಿಡಿಯುವುದು

ತುಕ್ಕು ತೆಗೆಯುವ ಮೊದಲೇ ಅಕ್ಷರ ಓದಿ. ಹಿಡಿಯ ಮೇಲೆ ಸೀಮೆಸುಣ್ಣ ಉಜ್ಜಿ, ಅಂಗೈಯಿಂದ ಒರೆಸಿ, ಇಳಿಬಿಸಿಲಿಗೆ ಓರೆಯಾಗಿ ಹಿಡಿದರೆ ಗುಂಡಿಯಲ್ಲಿ ಉಳಿದ ಬಿಳುಪು ಹೆಸರು ಹೇಳುತ್ತದೆ. ವಾಲ್ವರ್ತ್ ಅಂತಿದ್ದರೆ ಸ್ಟಿಲ್ಸನ್ ಮನೆತನದ್ದೇ. ಟ್ರೈಮೋ ಎಂದರೆ ಮ್ಯಾಸಚೂಸೆಟ್ಸ್‌ನ ರಾಕ್ಸ್‌ಬರಿಯದು. ರೆಕಾರ್ಡ್, ಫುಟ್‌ಪ್ರಿಂಟ್ ಇಂಗ್ಲೆಂಡಿನ ಶೆಫೀಲ್ಡ್‌ನವು. ಕೆಂಪು ಬಣ್ಣದ ರಿಜಿಡ್‌ನ ಕಂಪನಿ ಓಹಾಯೋದ ನಾರ್ತ್ ರಿಜ್‌ವಿಲ್‌ನಲ್ಲಿ 1923ರಲ್ಲಿ ಶುರುವಾಗಿ 1943ರಲ್ಲಿ ಎಲಿರಿಯಾಕ್ಕೆ ಹೋಯಿತು. ಹಾಗಾಗಿ ಎಲಿರಿಯಾ ಎಂದಿದ್ದರೆ ಅದಕ್ಕಿಂತ ಹಳೆಯದಲ್ಲ.

ಪೇಟೆಂಟ್ ಇಸವಿ ಕಂಡು ಹಿಗ್ಗಬೇಡಿ. ಅದು ಪಾನಾ ಹುಟ್ಟಿದ ಇಸವಿಯಲ್ಲ; ಅದೇ ಅಚ್ಚಿನಲ್ಲಿ ಎಷ್ಟೋ ವರ್ಷ ಮಾಡಿರುತ್ತಾರೆ. ಹಾಗೆಯೇ 14, 18, 24 ಎಂಬ ಅಂಕಿ ಪೈಪಿನ ಅಳತೆಯಲ್ಲ, ಪಾನಾದ ಉದ್ದ, ಇಂಚಿನಲ್ಲಿ. 14ರದ್ದು ಸಾಮಾನ್ಯವಾಗಿ 2 ಇಂಚಿನ ಪೈಪಿನವರೆಗೆ ಹಿಡಿಯುತ್ತದೆ.

ಬಿಚ್ಚಿ ತೊಳೆಯುವುದು

ನಟ್ ತಿರುಗಿಸುತ್ತಾ ಹೋದರೆ ಮೇಲ್ದವಡೆ ಕಳಚಿ ಬರುತ್ತದೆ. ಬಾರದಿದ್ದರೆ ಸೀಮೆಎಣ್ಣೆಯಲ್ಲಿ ಎರಡು ರಾತ್ರಿ ನೆನೆಹಾಕಿ. ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಲ್ಲಿನ ಹದ ಹೋಗುತ್ತದೆ. ಒಳಗೆ ಪುಟ್ಟ ಸ್ಪ್ರಿಂಗುಗಳಿರುತ್ತವೆ, ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ಹಿಡಿದುಕೊಳ್ಳಿ. ನಾನು ಹಿಡಿಯದೆ ಒಂದು ಇಡೀ ಭಾನುವಾರ ಕಳೆದೆ.

ಮೇಲುತುಕ್ಕಿಗೆ ಸೀಮೆಎಣ್ಣೆ, ಹಿತ್ತಾಳೆ ಬ್ರಷ್ ಸಾಕು. ಗ್ರೈಂಡರ್ ಬೇಡವೇ ಬೇಡ, ಅಕ್ಷರವನ್ನೂ ತಿನ್ನುತ್ತದೆ. ಹುಣಸೆಹುಳಿ ತಾಮ್ರದ ಬಿಂದಿಗೆಗೆ ಸರಿ, ಇಷ್ಟು ದಪ್ಪ ತುಕ್ಕಿಗೆ ಸಾಲದು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಪಾನಾಕ್ಕೂ, ಪ್ಲಸ್ ತಂತಿಯನ್ನು ಬೇಡವಾದ ಕಬ್ಬಿಣದ ಪಟ್ಟಿಗೂ ಕಟ್ಟಿ. ಎರಡೂ ಒಂದಕ್ಕೊಂದು ತಾಗಬಾರದು. ಪಟ್ಟಿ ಸ್ಟೇನ್‌ಲೆಸ್ ಸ್ಟೀಲಿನದಾಗಬಾರದು, ವಿಷದ ಕ್ರೋಮಿಯಂ ನೀರಿಗೆ ಬಿಡುತ್ತದೆ. ಬರುವ ಗುಳ್ಳೆ ಹೈಡ್ರೋಜನ್. ಅಂಗಳದಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚಬೇಡಿ. ನೀರಿಗೆ ಕೈಹಾಕುವ ಮೊದಲು ಕರೆಂಟ್ ತೆಗೆಯಿರಿ. ಒಂದು ರಾತ್ರಿಯಲ್ಲಿ ತುಕ್ಕು ಕಪ್ಪು ಕೆಸರಾಗಿ ಸಡಿಲುತ್ತದೆ. ಸ್ಪ್ರಿಂಗ್‌ಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ, ಪೆಡಸಾಗಿ ಮುರಿದಾವು. ಹಳೇ ಬಣ್ಣದಲ್ಲಿ ಸೀಸವಿರಬಹುದು, ಒಣದಾಗಿ ಉಜ್ಜಬೇಡಿ.

ತೊಳೆದ ಮೇಲೆ ನಮ್ಮ ಬಿಸಿಲೇ ಒಲೆ. ಏಪ್ರಿಲ್‌ನಲ್ಲಾದರೆ ಹತ್ತು ನಿಮಿಷ, ಮುಟ್ಟಲಾಗದಷ್ಟು ಕಾಯುತ್ತದೆ. ಕಾದಿದ್ದಾಗಲೇ ಎಣ್ಣೆ ಒರೆಸಿ, ತಡಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಮರಳುತ್ತದೆ. ಹಲ್ಲಿನ ಸಂದಿಗೆ ಮೂರುಮೂಲೆಯ ಅರ ಒಮ್ಮೆ ಆಡಿಸಿದರೆ ಸಾಕು.

ಜೋಡಿಸಿದ ಮೇಲೆ ಹ್ಯಾಂಡ್‌ಪಂಪಿನ ಹಳೇ ಪೈಪ್ ತುಂಡನ್ನು ವೈಸಿಗೆ ಹಾಕಿ ಎಳೆದು ನೋಡಿ. ಪೈಪಿಗೂ ಮೇಲ್ದವಡೆಯ ಬೆನ್ನಿಗೂ ನಡುವೆ ಒಂದು ಬೆರಳು ಸಂದು ಬಿಟ್ಟಿರಬೇಕು. ಜಾರಿದರೆ ಮೊದಲು ಸ್ಪ್ರಿಂಗ್ ನೋಡಿ, ಆಮೇಲೆ ಹಲ್ಲು. ವೆಲ್ಡಿಂಗ್ ಅಂಗಡಿ ಕಡೆ ಮಾತ್ರ ಹೋಗಬೇಡಿ.