ಥೈರಾಯ್ಡ್ ಮಾತ್ರೆ, ಕಬ್ಬಿಣ, ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ

ಮೊನ್ನೆ ಇಲ್ಲಿ ಒಬ್ಬರು "ಮಾತ್ರೆ ತಪ್ಪಿಸೋದೇ ಇಲ್ಲ, ಆದ್ರೂ ಟಿಎಸ್‌ಎಚ್ ಇಳೀತಿಲ್ಲ" ಅಂದಿದ್ದರು. (ಟಿಎಸ್‌ಎಚ್ ಅಂದರೆ ರಕ್ತಪರೀಕ್ಷೆಯಲ್ಲಿ ನೋಡುವ ಹಾರ್ಮೋನ್, ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೆ ಅದು ಏರುತ್ತದೆ.) ನನಗೂ ಹೀಗೇ ಆಗಿತ್ತು. ಬೆಳಿಗ್ಗೆ ಮೂರೂ ಮಾತ್ರೆ ಅಂಗೈಗೆ ಹಾಕಿಕೊಂಡು ಒಂದೇ ಗುಟುಕಿಗೆ ನುಂಗುತ್ತಿದ್ದೆ. ಬೆನ್ನಿಗೇ ಫಿಲ್ಟರ್ ಕಾಫಿ. ಕೆಲಸ ಮುಗೀತು ಅಂತ ಖುಷಿ ಬೇರೆ!

ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ರಕ್ತಕ್ಕೆ ಸೇರುವುದು ಕಡಿಮೆ. ಅದಕ್ಕೆ 4 ಗಂಟೆ ಅಂತರ ಬೇಕು. ಈಗ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಬರೀ ನೀರಿನ ಜೊತೆ. ಕಾಫಿ ಒಂದು ಗಂಟೆ ಬಿಟ್ಟು (ಅದೇ ಕಷ್ಟ ನೋಡಿ). ಕ್ಯಾಲ್ಸಿಯಂ ಮಧ್ಯಾಹ್ನ ಊಟಕ್ಕೆ. ಕಬ್ಬಿಣ ಸಂಜೆ ನಿಂಬೆ ಪಾನಕದ ಜೊತೆ, ಆಗ ಟೀ ಹತ್ತಿರ ಸುಳಿಯಬಾರದು.

ಹೀಗೆ ಸಮಯ ಬದಲಿಸಿದರೆ ಡಾಕ್ಟರಿಗೆ ಹೇಳಿ, 6ರಿಂದ 8 ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ. ಡೋಸ್ ಬದಲಿಸಬೇಕಾಗಬಹುದು.

ಕೂದಲಿಗೆ ಅಂತ ಬಯೋಟಿನ್ (ಒಂದು ಬಿ ವಿಟಮಿನ್) ತಿನ್ನುವವರು ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ರಿಪೋರ್ಟೇ ತಪ್ಪು ಬರಬಹುದು. ಪಿಸಿಓಎಸ್‌ಗೆ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತಗೊಳ್ಳುತ್ತಿದ್ದರೆ ವಿಟಮಿನ್ ಬಿ12 ಕೂಡ ಒಮ್ಮೆ ನೋಡಿಸಿ, ಕಡಿಮೆಯಾಗುವುದುಂಟು.

ಇನ್ನು "ಹಾರ್ಮೋನ್ ಬ್ಯಾಲೆನ್ಸ್" ಅಂತ ಮಾರುವ ಪುಡಿ, ಮಾತ್ರೆಗಳ ಡಬ್ಬಿಗಳು. ಮುಂದಿನ ಹೂವಿನ ಚಿತ್ರ ಬಿಡಿ, ಹಿಂದಿನ ಸಣ್ಣಕ್ಷರ ಓದಿ. ಅಶ್ವಗಂಧ ಇದ್ದರೆ ಡಾಕ್ಟರನ್ನು ಕೇಳದೆ ಸುಮ್ನೆ ಶುರು ಮಾಡಬೇಡಿ. ಅದು ಥೈರಾಯ್ಡ್ ಹಾರ್ಮೋನ್ ಮಟ್ಟವನ್ನು ಜಾಸ್ತಿ ಮಾಡಬಹುದು.