ಲೋಹದಂತೆ ಹೊಳೆಯುವ ಎಲೆದುಂಬಿ: ಗುರುತಿಸುವುದು, ಸಾಕಿ ನೋಡುವುದು

ಮಿರಮಿರ ಮಿನುಗುವ ದುಂಬಿ ಸಿಕ್ಕಾಗ ಬಣ್ಣವನ್ನು ಕೊನೆಗೆ ನೋಡಿ. ಮೈಕವಚದ ಸೂಕ್ಷ್ಮ ಪದರಗಳ ಮೇಲೆ ಬೆಳಕು ಬಿದ್ದು ಹುಟ್ಟುವ ಹೊಳಪಿದು. ನೋಡುವ ಕೋನ ಬದಲಾದರೆ ಹಸಿರು ಚಿನ್ನದ ಬಣ್ಣಕ್ಕೋ ನೀಲಿಗೋ ತಿರುಗುತ್ತದೆ. ಫೋಟೊದ ಬಣ್ಣ ನಂಬಿ ಹೆಸರಿಟ್ಟವರು ತಪ್ಪುವುದು ಇಲ್ಲೇ.

ಮೊದಲು ದುಂಬಿ ಕೂತ ಗಿಡ ಗುರುತಿಸಿ. ಯುರೋಪಿನಲ್ಲಿ ಸಾಮಾನ್ಯವಾದ ಹಸಿರು ಎಲೆದುಂಬಿ ಗ್ಯಾಸ್ಟ್ರೊಫೈಸಾ ವಿರಿಡುಲಾ ಮುಖ್ಯವಾಗಿ ಡಾಕ್ ಗಿಡಗಳನ್ನು, ಅಂದರೆ ಹುಳಿ ಚುಕ್ಕೆಸೊಪ್ಪಿನ ಬಳಗದ ಕಳೆಗಳನ್ನು ತಿನ್ನುತ್ತದೆ. ಉದ್ದ 4ರಿಂದ 7 ಮಿ.ಮೀ. ಪುದೀನದ ಮೇಲಿನ ಹಸಿರು ದುಂಬಿ, ಕ್ರೈಸೊಲೈನಾ ಹರ್ಬೇಸಿಯಾ, ಇದಕ್ಕಿಂತ ದಪ್ಪ, ದುಂಡಗೆ. ಎದೆಯ ಮೇಲ್ಭಾಗವೂ ಕಾಲುಗಳೂ ಕೆಂಪಗಿದ್ದರೆ ಅದು ವಿರಿಡುಲಾದ ಹತ್ತಿರದ ನಂಟ ಗ್ಯಾಸ್ಟ್ರೊಫೈಸಾ ಪಾಲಿಗೋನಿ. ಮುಟ್ಟಿದೊಡನೆ ಚಿಮ್ಮಿ ಹಾರಿದರೆ ಜಿಗಿದುಂಬಿ; ಅದರ ಹಿಂಗಾಲಿನ ತೊಡೆ ಉಬ್ಬಿರುತ್ತದೆ.

ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಪಾದ ನೋಡಿ. ಗೆಣ್ಣುಗಳು ಐದಿದ್ದರೂ ನಾಲ್ಕೇ ಕಾಣುತ್ತವೆ. ಪುಟ್ಟ ನಾಲ್ಕನೆಯದು, ಎರಡು ಹಾಲೆಗಳಾಗಿ ಸೀಳಿದ ಮೂರನೆಯದರ ನಡುವೆ ಹುದುಗಿದೆ. ಮೊಟ್ಟೆ ತುಂಬಿದ ಹೆಣ್ಣು ವಿರಿಡುಲಾಗಂತೂ ಮಸೂರವೇ ಬೇಡ: ಕಪ್ಪು ಹೊಟ್ಟೆ ಊದಿಕೊಂಡು ರೆಕ್ಕೆಕವಚದಿಂದ ಹೊರಗೆ ಚಾಚಿರುತ್ತದೆ.

ಡಾಕ್ ಎಲೆಯ ಅಡಿ ತಿರುವಿದರೆ ವಿರಿಡುಲಾದ ಹಳದಿ ಮೊಟ್ಟೆಗಳ ಗುಂಪು ಸಿಗುತ್ತದೆ. ಬೆಚ್ಚಗಿದ್ದರೆ ವಾರದೊಳಗೆ ಒಡೆಯುತ್ತವೆ. ಕಪ್ಪು ಮರಿಹುಳುಗಳು ಮೊದಲು ಒತ್ತೊತ್ತಾಗಿ ಮೇಯುತ್ತವೆ, ಎಲೆಯ ಒಂದು ಬದಿಯ ತೆಳುಪೊರೆ ಮಾತ್ರ ಉಳಿಯುತ್ತದೆ. ಬೆಳೆದಂತೆ ತೂತು ಕೊರೆದು ನರಗಳಷ್ಟನ್ನೇ ಬಿಡುತ್ತವೆ. ಮರಿಹುಳುವಿಗೆ ಮೂರು ಹಂತ. ಕೆಣಕಿದರೆ ಬೆನ್ನಿನ ಗ್ರಂಥಿಗಳಿಂದ ರಕ್ಷಣಾ ದ್ರವ ಒಸರುತ್ತದೆ. ಬಲಿತವು ಮಣ್ಣಿಗಿಳಿದು ಹಳದಿ ಕೋಶವಾಗುತ್ತವೆ, ಅಂದರೆ ದುಂಬಿಯಾಗುವ ಮುಂಚಿನ ಹಂತಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಐದಾರು ವಾರ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ತಲೆಮಾರು. ಚಳಿಗಾಲ ಕಳೆಯುವುದು ಬೆಳೆದ ದುಂಬಿಯೇ.

ಸಾಕಿ ನೋಡುವುದಾದರೆ ಮೊಟ್ಟೆಯಿರುವ ಎಲೆಯನ್ನು ತೊಟ್ಟಿನ ಸಮೇತ ಕಿತ್ತು, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ. ಡಬ್ಬಿಯಲ್ಲಿ ನಾಲ್ಕೈದು ಸೆಂ.ಮೀ. ಸಡಿಲ ಮಣ್ಣು ಹರಡಿ, ಬಾಯಿಗೆ ತೆಳುಬಟ್ಟೆ ಕಟ್ಟಿ. ಹೆಚ್ಚು ಮರಿಗಳು ಸಾಯುವುದು ಹಸಿವಿನಿಂದಲ್ಲ, ತೇವದಿಂದ: ಗೋಡೆಯಲ್ಲಿ ಹನಿ ಕಟ್ಟಿದರೆ ಬೂಷ್ಟು ಬಂತೆಂದೇ ಲೆಕ್ಕ. ಹಿಕ್ಕೆಯನ್ನು ದಿನವೂ ತೆಗೆಯಿರಿ. ಎಳೆಯ ಮರಿಗಳನ್ನು ಕೈಯಲ್ಲಿ ಹಿಡಿಯದೆ ಹೊಸ ಎಲೆಯನ್ನು ಹಳೆಯದಕ್ಕೆ ತಾಗಿಸಿಡಿ, ತಾವೇ ದಾಟುತ್ತವೆ. ಅವು ಮಣ್ಣಿಗಿಳಿದ ಮೇಲೆ ಅಗೆಯಬೇಡಿ, ಕೋಶದ ಚರ್ಮ ಸುಲಭವಾಗಿ ಹರಿಯುತ್ತದೆ. ಹೊರಬಂದ ದುಂಬಿ ಮೊದಲಿಗೆ ಮೆತ್ತಗೆ, ಪೇಲವವಾಗಿರುತ್ತದೆ. ಕವಚ ಗಟ್ಟಿಯಾಗಿ ಹೊಳಪು ಕೂಡುವವರೆಗೆ ಅದನ್ನು ಮುಟ್ಟಬೇಡಿ.