ಪಿಕಪ್ ಗಾಡಿಯ ಹಿಂಭಾಗ ಕುಸಿದಾಗ ನಾನು ಮಾಡಿದ ಎಡವಟ್ಟು, ಆಮೇಲೆ ಮಾಡಿದ ಕೆಲಸ

ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸೋದು ನನ್ನ ಕಸುಬು. ಬಾಕ್ಸಿಗೆ 15 ಕೆ.ಜಿ. ಲೆಕ್ಕ. ನೂರು ಬಾಕ್ಸ್ ಅಂದ್ರೆ ಒಂದೂವರೆ ಟನ್ನು, ಕ್ರೇಟಿನ ತೂಕ ಬೇರೆ. ನನ್ನ ಗಾಡಿಯ ತಾಕತ್ತು ಹೆಚ್ಚುಕಮ್ಮಿ ಅಷ್ಟೇ. ಆದ್ರೆ ರೇಟು ಏರಿದ ದಿನ ನೂರಕ್ಕೆ ಯಾರು ನಿಲ್ಲಿಸ್ತಾರೆ ಹೇಳಿ? 130 ಹಾಕಿಕೊಂಡು ಹೋದ ದಿನಗಳೂ ಇವೆ.

ಮೊದಲ ಸೂಚನೆ ಸಿಕ್ಕಿದ್ದು ರಾತ್ರಿ. ಲೈಟು ಡಿಮ್ಮಲ್ಲೇ ಇದ್ರೂ ಎದುರಿಂದ ಬರೋರೆಲ್ಲ ನನಗೆ ಡಿಪ್ಪರ್ ಹೊಡೆಯುತ್ತಿದ್ದರು. ಗಾಡಿಯ ಹಿಂಭಾಗ ಕೆಳಗೆ ಕೂತು ಮೂತಿ ಮೇಲೆದ್ದಿತ್ತು. ನಾನು ಸುಮ್ನೆ ಹೆಡ್‌ಲೈಟ್ ಸ್ಕ್ರೂ ತಿರುಗಿಸಿ ಬೆಳಕು ಇಳಿಸಿದೆ. ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಬದಲಾಯಿಸಿದೆ. ದುಡ್ಡು ದಂಡ. ಭಾರ ಹೊರೋದು ಬ್ಲೇಡು, ಅಂದ್ರೆ ಚಕ್ರದ ಹತ್ತಿರ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಶಾಕ್ ಅಬ್ಸಾರ್ಬರ್ ಕುಣಿತ ನಿಲ್ಲಿಸುತ್ತೆ ಅಷ್ಟೆ.

ಒಂದು ಸಂಜೆ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ತುಂತುರು ಮಳೆ. ಹಸು ಅಡ್ಡ ಬಂತು ಅಂತ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರಿತು. ಹಸು ಉಳಿಯಿತು, ನಾನೂ ಉಳಿದೆ. ಕಾರಣ ತಿಳಿದಿದ್ದು ಬ್ಲೇಡ್ ಅಂಗಡಿಯಲ್ಲಿ. ನನ್ನ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಲೋಡ್ ನೋಡಿ ಪ್ರೆಷರ್ ಬಿಡುವ ವಾಲ್ವ್ ಇದೆ. ಅದರ ಕಡ್ಡಿ ಆಕ್ಸಲ್‌ಗೆ, ಅಂದ್ರೆ ಎರಡು ಚಕ್ರ ಕೂಡಿಸುವ ಅಚ್ಚಿಗೆ, ಸೇರಿಕೊಂಡಿರುತ್ತೆ. ಚಾಸಿ (ಗಾಡಿಯ ಉಕ್ಕಿನ ಚೌಕಟ್ಟು) ಕೆಳಗೆ ಕೂತಿದ್ದರೆ ಅದಕ್ಕೆ ಲೋಡ್ ಇದೆ ಅಂತಲೇ ಲೆಕ್ಕ. ಖಾಲಿ ಗಾಡಿಯ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಟ್ಟುಬಿಡುತ್ತೆ.

ಅಂಗಡಿಯ ಭಾಯ್ ಮೊದಲು ಟೇಪ್ ಕೇಳಿದರು. ಸಮ ನೆಲದಲ್ಲಿ, ಖಾಲಿ ಗಾಡಿಯಲ್ಲಿ, ಆಕ್ಸಲ್ ಮೇಲ್ಭಾಗದಿಂದ ಚಾಸಿ ತಳಕ್ಕೆ ಅಳೆದೆವು. ಹೀಗೆ ಅಳೆದರೆ ಟೈರ್ ಗಾಳಿ ಹೆಚ್ಚುಕಮ್ಮಿ ಇದ್ದರೂ ಲೆಕ್ಕ ತಪ್ಪೋದಿಲ್ಲ. ಬಲಕ್ಕೆ 17 ಸೆಂ.ಮೀ., ಎಡಕ್ಕೆ 15. ಪಕ್ಕದಲ್ಲಿ ನಿಂತಿದ್ದ ಅದೇ ಮಾಡೆಲ್‌ನ ಹೊಸ ಗಾಡಿಯಲ್ಲಿ ಎರಡೂ ಕಡೆ 19. "ಎಡಗಡೆನೇ ಯಾಕೆ ಜಾಸ್ತಿ ಕೂತಿದೆ ಭಾಯ್?" ಅಂದೆ. "ರೋಡು ಎಡಕ್ಕೇ ಇಳಿಜಾರು ಅಲ್ವಾ ಅಣ್ಣ, ಗುಂಡಿನೂ ಆ ಕಡೆನೇ ಜಾಸ್ತಿ" ಅಂದರು.

ಬ್ಲೇಡ್ ಸೆಟ್ ಬಿಚ್ಚಿದಾಗ ನೋಡಬೇಕಿತ್ತು. ಪ್ರತಿ ಬ್ಲೇಡಿನ ತುದಿ ತನ್ನ ಮೇಲಿನ ಬ್ಲೇಡನ್ನು ಉಜ್ಜಿ ಉಜ್ಜಿ ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಮಾಡಿತ್ತು. ನಡುವೆ ತುಕ್ಕು, ಕೆಂಪು ಧೂಳು. ಬ್ಲೇಡ್ ಸವೆದಿದ್ದು ಸ್ವಲ್ಪವೇ ಅಂತ ಅಂದುಕೊಳ್ಳಬೇಡಿ. ದಪ್ಪ ಹತ್ತನೇ ಒಂದು ಭಾಗ ಕಡಿಮೆಯಾದರೆ ಆ ಜಾಗದ ಬಿಗಿ ಕಾಲು ಭಾಗಕ್ಕಿಂತ ಜಾಸ್ತಿ ಹೋಗುತ್ತೆ. ಬಿರುಕು ಶುರುವಾಗೋದೂ ಅಂಥ ತೋಡಲ್ಲೇ, ಇಲ್ಲಾ ಬ್ಲೇಡ್‌ಗಳನ್ನೆಲ್ಲ ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ತೂತಿನ ಹತ್ತಿರ. ನನ್ನ ಎರಡನೇ ಬ್ಲೇಡಲ್ಲಿ ಕೂದಲೆಳೆಯಷ್ಟು ಗೆರೆ ಇತ್ತು. ಡೀಸೆಲ್ ಹಚ್ಚಿ ಒರೆಸಿದ ಮೇಲೇ ಕಂಡಿದ್ದು.

ಆಗಲೇ ಹೊಸ ಸೆಟ್ ಹಾಕಬೇಕಿತ್ತು. ನಾನು ಜಿಪುಣತನ ಮಾಡಿದೆ. ಆ ಒಂದು ಬ್ಲೇಡ್ ಬದಲಿಸಿ, ಉಳಿದವಕ್ಕೆ ಸುತ್ತಿಗೆಯಲ್ಲಿ ಹೊಡೆಸಿ ಕಮಾನು ಏರಿಸಿ, ಮೇಲೆ ಒಂದು ಎಕ್ಸ್‌ಟ್ರಾ ಬ್ಲೇಡ್ ಸೇರಿಸಿದೆ. ಭಾಯ್ ಬೇಡ ಅಂತಲೇ ಅಂದಿದ್ದರು. ಗಾಡಿ ಎದ್ದು ನಿಂತಿತು, ಖುಷಿಯಾಯಿತು. ಖಾಲಿ ಇದ್ದಾಗ ಮಾತ್ರ ಎತ್ತಿನಗಾಡಿ ಥರ ಕುಲುಕಾಟ. ಲೋಡ್ ಹಾಕಿದರೆ ಬ್ರೇಕ್ ಉಲ್ಟಾ: ಗಾಡಿ ಎತ್ತರದಲ್ಲೇ ಇರೋದರಿಂದ ವಾಲ್ವ್ ಖಾಲಿ ಅಂತ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡಿತು. ಇನ್ನು ಹೊಡೆಸಿದ ಕಮಾನು, ಒಂದು ಟೊಮೆಟೊ ಸೀಸನ್ನಿಗೇ ಮತ್ತೆ ಕೂತಿತು. ಸುಸ್ತಾದ ಉಕ್ಕಿಗೆ ಸರಿಯಾಗಿ ಕಾಯಿಸಿ ಹದ (ಟೆಂಪರ್) ಕೊಡದೆ ಬರೀ ಸುತ್ತಿಗೆ ಏಟು ಕೊಟ್ಟರೆ ಅದು ಎಷ್ಟು ದಿನ ನಿಂತೀತು?

ಕೊನೆಗೆ ಎರಡೂ ಕಡೆ ಹೊಸ ಸೆಟ್ ಹಾಕಿಸಿದೆ. ಒಂದೇ ಕಡೆ ಹಾಕಿದರೆ ಗಾಡಿ ವಾಲುತ್ತೆ. ಬ್ಲೇಡ್ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್, ಸೆಂಟರ್ ಬೋಲ್ಟ್, ಬ್ಲೇಡಿನ ತುದಿಯ ಕಣ್ಣಿನೊಳಗೆ ಕೂರುವ ಬುಷ್ ಎಲ್ಲಾ ಹೊಸದು. ಒಂದು ಮಾತು ಮಾತ್ರ ಒತ್ತಿ ಹೇಳ್ತೀನಿ: ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಜಾಕ್ ಮೇಲೆ ಇರುವಾಗಲೇ ಪೂರ್ತಿ ಬಿಗಿ ಮಾಡಬೇಡಿ. ಚಕ್ರ ನೆಲಕ್ಕೆ ಕೂತು ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಯು ಬೋಲ್ಟನ್ನು ನಾಲ್ಕೈದು ಲೋಡ್ ಹೊಡೆದ ಮೇಲೆ ಮತ್ತೆ ಟೈಟ್ ಮಾಡಿದೆ. ಅರ್ಧ ಸುತ್ತು ತಿರುಗಿತು. ಹಾಗೇ ಬಿಟ್ಟಿದ್ದರೆ ಬ್ಲೇಡ್‌ಗಳು ಅಲ್ಲಾಡಿ ಸೆಂಟರ್ ಬೋಲ್ಟೇ ಕಟ್ ಆಗೋದು. ಹೆಡ್‌ಲೈಟ್ ಸ್ಕ್ರೂ ಕೂಡ ವಾಪಸ್ ತಿರುಗಿಸಿದೆ.

ಈಗ ತಿಂಗಳಿಗೊಮ್ಮೆ ಟೇಪ್ ಹಿಡಿದು ಕೆಳಗೆ ತೂರುತ್ತೇನೆ. ಅಳತೆಯನ್ನು ಡ್ರೈವರ್ ಬಾಗಿಲ ಒಳಗಡೆ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ. ಬಾಕ್ಸು 105 ದಾಟೋದಿಲ್ಲ. ರೇಟು ಏರಿದ ದಿನ ಮಾತ್ರ ಎರಡು ಟ್ರಿಪ್. ಹೋದ ತಿಂಗಳು ಬಲಕ್ಕೆ 19, ಎಡಕ್ಕೆ ಹದಿನೆಂಟೂವರೆ.